ವಿಷಯವಾರು ಗ್ರಂಥಸೂಚಿ ಮತ್ತು ತಂತ್ರಾಂಶ: ದಢೇಸುಗೂರು–ಮಸ್ಕಿ ಪರಿಸರವನ್ನು ಮುಂದಿಟ್ಟುಕೊಂಡು

ಕನ್ನಡ ವಿಭಾಗಗಳಿಗೆ ಸಲ್ಲಿಕೆಯಾಗುವ ಸಂಶೋಧನ ಪ್ರಬಂಧಗಳಲ್ಲಿ ಗ್ರಂಥಸೂಚಿಯನ್ನು ಆಕರ ಗ್ರಂಥಗಳು, ಪರಾಮರ್ಶನ ಗ್ರಂಥಗಳು, ನಿಯತಕಾಲಿಕೆಗಳು, ಇಂಗ್ಲಿಷ್ ಗ್ರಂಥಗಳು ಎಂದು ವಿಭಾಗಿಸುವುದು ವಾಡಿಕೆ. ಈಚೆಗೆ ಜೊಟೆರೊ, ಎಂಡ್‌ನೋಟ್‌ನಂತಹ ಆಕರ ನಿರ್ವಹಣಾ ತಂತ್ರಾಂಶಗಳನ್ನು ಬಳಸುವವರು ಹೆಚ್ಚಿದಂತೆ, ಈ ವಿಭಾಗಗಳೂ ಕರಗಿ ಒಂದೇ ಅಕಾರಾದಿ ಪಟ್ಟಿ ಉಳಿಯುತ್ತಿದೆ. ಹಳೆಯ ಕ್ರಮವೇ ಉತ್ತಮವಾಗಿತ್ತೆಂದು ಹೇಳುವುದು ಇಲ್ಲಿನ ಉದ್ದೇಶವಲ್ಲ. ಹಳೆಯ ವಿಂಗಡಣೆ ಗ್ರಂಥದ ಭಾಷೆಯನ್ನೂ ಸ್ವರೂಪವನ್ನೂ ಹೇಳುತ್ತಿತ್ತೇ ಹೊರತು ವಿಷಯವನ್ನು ಹೇಳುತ್ತಿರಲಿಲ್ಲ. ಹೊಸ ಪಟ್ಟಿಯಂತೂ ಅದನ್ನೂ ಹೇಳುವುದಿಲ್ಲ. ಒಂದು ಕ್ಷೇತ್ರದಲ್ಲಿ ಯಾವ ಪ್ರಶ್ನೆಗಳ ಮೇಲೆ ಎಷ್ಟು ಕೆಲಸ ನಡೆದಿದೆ, ಎಲ್ಲಿ ನಡೆದಿಲ್ಲ ಎಂಬುದನ್ನು ಕಾಣಿಸುವುದು ವಿಷಯವಾರು ಗ್ರಂಥಸೂಚಿ ಮಾತ್ರ.

ತುಂಗಭದ್ರೆಯ ದಡದ ದಢೇಸುಗೂರಿನಿಂದ ಸಿಂಧನೂರು, ಮಸ್ಕಿಗಳ ಮೂಲಕ ಲಿಂಗಸುಗೂರಿನವರೆಗಿನ ಪರಿಸರವನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಮಸ್ಕಿ ಎಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಅಶೋಕನ ಶಾಸನ. ಚಿನ್ನದ ಗಣಿಗಾರಿಕೆಯ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಅದನ್ನು ಗುರುತಿಸಿದರು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಹೈದರಾಬಾದ್ ಪುರಾತತ್ತ್ವ ಮಾಲೆಯ ಮೊದಲ ಸಂಚಿಕೆಯಾಗಿ ಅದನ್ನು ಪ್ರಕಟಿಸಿದರು. ಹುಲ್ಟ್ಸ್ ಅವರ ಅಶೋಕ ಶಾಸನಗಳ ಸಂಪುಟ ಬಂದದ್ದು 1925ರಲ್ಲಿ. ಆದರೆ ಅದೇ ಮಸ್ಕಿಯಲ್ಲಿ 1954ರಲ್ಲಿ ಬಿ.ಕೆ. ಥಾಪರ್ ನಡೆಸಿದ ಉತ್ಖನನದ ವರದಿ, 1957ರಲ್ಲಿ ‘ಏನ್ಷಿಯಂಟ್ ಇಂಡಿಯಾ’ದ 13ನೆಯ ಸಂಚಿಕೆಯಲ್ಲಿ ಬಂದದ್ದು, ಮುಖ್ಯವಾಗಿ ತಾಮ್ರಶಿಲಾಯುಗದ ನೆಲೆಯನ್ನು ಕುರಿತದ್ದು. ಅಕಾರಾದಿ ಪಟ್ಟಿಯಲ್ಲಿ ಈ ಬರೆಹಗಳು ಲೇಖಕರ ಹೆಸರಿನ ಬಲದಿಂದ ಎಲ್ಲೆಲ್ಲಿಯೋ ಕುಳಿತಿರುತ್ತವೆ. ‘ಅಶೋಕ’ ಎಂಬ ಒಂದೇ ಶೀರ್ಷಿಕೆ ಕೊಟ್ಟರೆ ಥಾಪರ್ ಹೊರಗುಳಿಯುತ್ತಾರೆ. ‘ಮಸ್ಕಿ’ ಎಂದರೆ ನಿಟ್ಟೂರು, ಉದೆಗೋಳಗಳ ಶಾಸನಗಳನ್ನು ಕುರಿತ ಬರೆಹಗಳು ಹೊರಗುಳಿಯುತ್ತವೆ. ಅಶೋಕನ ಹೆಸರೇ ಬರುವ ಶಾಸನಗಳೆಂಬ ಕಾರಣಕ್ಕೆ ಮಸ್ಕಿಯೊಡನೆ ಇಟ್ಟು ಓದಬೇಕಾದವು ಅವು. ಶೀರ್ಷಿಕೆಯನ್ನು ಆರಿಸುವುದು ಕಾರಕೂನಿಕೆಯಲ್ಲ, ಸಂಶೋಧಕನ ತೀರ್ಮಾನ.

ಎಸ್.ಆರ್. ರಂಗನಾಥನ್ ಅವರು 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣದಲ್ಲಿ ವಿಷಯವನ್ನು ಒಂದೇ ಕವಲಾಗಿ ನೋಡದೆ ಹಲವು ಮುಖಗಳಾಗಿ ಬಿಡಿಸಿದರು. ಸ್ಥಳ ಮತ್ತು ಕಾಲ ಆ ಮುಖಗಳಲ್ಲಿ ಸೇರಿವೆ. ಥಾಪರರ ವರದಿಗೆ ಸ್ಥಳ ಮಸ್ಕಿ, ಕಾಲ ತಾಮ್ರಶಿಲಾಯುಗ, ಶಾಸ್ತ್ರ ಪುರಾತತ್ತ್ವ ಎಂದು ಮೂರು ಟ್ಯಾಗುಗಳನ್ನು ಕೊಡುವಾಗ ನಾವು ಮಾಡುವುದೂ ಅದನ್ನೇ. ಜೊಟೆರೊದಲ್ಲಿ ಒಂದು ದಾಖಲೆಯನ್ನು ನಕಲು ಮಾಡದೆಯೇ ಹಲವು ಸಂಗ್ರಹಗಳಲ್ಲಿ ಇರಿಸಬಹುದು; ಒಂದು ಟ್ಯಾಗಿನ ಹೆಸರು ಬದಲಿಸಿದರೆ ಅದಿರುವ ಎಲ್ಲ ದಾಖಲೆಗಳಲ್ಲೂ ಬದಲಾಗುತ್ತದೆ. ಚೀಟಿಗಳ ಕಾಲದಲ್ಲಿ ಈ ಅನುಕೂಲವಿರಲಿಲ್ಲ.

ತೊಡಕು ಬರುವುದು ಅಚ್ಚಿಗೆ ಸಿದ್ಧಪಡಿಸುವಾಗ. ವರ್ಡ್ ಕಡತದಲ್ಲಿ ಜೊಟೆರೊ ಮೂಡಿಸುವ ಗ್ರಂಥಸೂಚಿ ಒಂದೇ ಅಖಂಡ ಪಟ್ಟಿ. ಟ್ಯಾಗುಗಳು ಅದರಲ್ಲಿ ಉಪಶೀರ್ಷಿಕೆಗಳಾಗುವುದಿಲ್ಲ. ಆದ್ದರಿಂದ ಪ್ರತಿ ಸಂಗ್ರಹದಿಂದಲೂ ಬೇರೆ ಬೇರೆ ಪಟ್ಟಿ ತೆಗೆದು ಜೋಡಿಸುವುದು ರೂಢಿ. ಹೀಗೆ ಮಾಡುವವರು ಒಂದು ಅಪಾಯವನ್ನು ಗಮನಿಸಬೇಕು. ಒಬ್ಬ ಲೇಖಕರ ಒಂದೇ ವರ್ಷದ ಎರಡು ಬರೆಹಗಳಿಗೆ ತಂತ್ರಾಂಶ ವರ್ಷದ ಮುಂದೆ ಎ, ಬಿ ಎಂಬ ಗುರುತು ಹಾಕುತ್ತದೆ. ಅವೆರಡೂ ಬೇರೆ ಬೇರೆ ವಿಭಾಗಗಳಿಗೆ ಹೋದರೆ, ಬಿಡಿಬಿಡಿಯಾಗಿ ತೆಗೆದ ಪಟ್ಟಿಗಳಲ್ಲಿ ಆ ಗುರುತು ಬೀಳುವುದೇ ಇಲ್ಲ. ಪ್ರಬಂಧದೊಳಗಿನ ಉಲ್ಲೇಖ ಒಂದು ಹೇಳಿದರೆ ಗ್ರಂಥಸೂಚಿ ಇನ್ನೊಂದು ಹೇಳುತ್ತದೆ. ಎಂಡ್‌ನೋಟ್‌ನಲ್ಲಿ ಉಲ್ಲೇಖಗಳನ್ನು ವರ್ಗಗಳಾಗಿ ವಿಂಗಡಿಸುವ ಏರ್ಪಾಡಿದೆ. ಬಿಬ್‌ಲೇಟೆಕ್ಸ್ ಸೂಚಕಪದದ ಆಧಾರದಲ್ಲಿ ಪಟ್ಟಿಯನ್ನು ಒಡೆದರೂ ಗುರುತುಗಳನ್ನು ಇಡೀ ಕೃತಿಗೆ ಒಂದಾಗಿಯೇ ಎಣಿಸುತ್ತದೆ. ಆದರೆ ಅದನ್ನು ಕಲಿಯುವಷ್ಟು ವ್ಯವಧಾನ ನಮ್ಮ ವಿಭಾಗಗಳಲ್ಲಿ ವಿರಳ.

ಇದಕ್ಕೆ ನಾನು ಸೂಚಿಸುವ ದಾರಿ ಸರಳವಾದುದು. ಪ್ರಬಂಧದಲ್ಲಿ ಉಲ್ಲೇಖಿಸಿದ ಕೃತಿಗಳ ಪಟ್ಟಿ ಅಕಾರಾದಿಯಲ್ಲಿಯೇ ಇರಲಿ. ‘ಥಾಪರ್ 1957’ ಎಂಬುದನ್ನು ಹುಡುಕುವ ಓದುಗ ಅದು ಯಾವ ವಿಷಯದಡಿ ಇದೆಯೆಂದು ಊಹಿಸುವಂತಾಗಬಾರದು. ವಿಷಯವಾರು ಗ್ರಂಥಸೂಚಿ ಬೇರೆಯೇ ಅನುಬಂಧವಾಗಲಿ. ಅದರಲ್ಲಿ ಪ್ರತಿ ನಮೂದಿಗೂ ಕ್ರಮಸಂಖ್ಯೆಯಿರಲಿ, ಪೂರ್ಣ ವಿವರ ಒಂದೇ ಕಡೆ ಬರಲಿ, ಉಳಿದೆಡೆ ‘ನೋಡಿ’ ಎಂಬ ಸೂಚನೆ ಸಾಕು. ಈ ಜೋಡಣೆಯನ್ನು ಕೈಯಿಂದಲೇ ಮಾಡಬೇಕಾಗುತ್ತದೆ, ನಿಜ. ವ್ಯಾಸಂಗದ ನಾಲ್ಕಾರು ವರ್ಷಗಳ ಮುಂದೆ ಅದು ಎರಡು ದಿನದ ಕೆಲಸ.

ಹೆಸರುಗಳ ಪ್ರಶ್ನೆ ಇದಕ್ಕಿಂತ ಕಠಿಣ. ‘ಎಂ. ಚಿದಾನಂದಮೂರ್ತಿ’ ಎಂದು ಒಂದೇ ಕೋಶದಲ್ಲಿ ತುಂಬಿದರೆ ಅದು ಎಕಾರಕ್ಕೆ ಸೇರುತ್ತದೆ. ಎರಡು ಕೋಶಗಳಲ್ಲಿ ಬಿಡಿಸಿದರೆ ಚಕಾರಕ್ಕೆ. ಯಾವುದಾದರೊಂದನ್ನು ಮೊದಲೇ ನಿರ್ಧರಿಸಬೇಕು. ಕೇವಲ ಸಂಕೇತಸಂಖ್ಯೆಯ ಮೇಲೆ ವಿಂಗಡಿಸುವ ತಂತ್ರಾಂಶದಲ್ಲಿ ‘ಸಂ’ ಎಂಬುದು ‘ಸಕ’ಕ್ಕಿಂತ ಮುಂಚೆ ಬರುತ್ತದೆ, ಕಾಗುಣಿತದಲ್ಲಿ ‘ಸೌ’ ಆದ ಮೇಲೆ ಅದರ ಸ್ಥಾನ. ನುಡಿ, ಬರಹಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಸೂಚಿಗಳನ್ನು ಯುನಿಕೋಡಿಗೆ ಪರಿವರ್ತಿಸದೆ ತಂತ್ರಾಂಶಕ್ಕೆ ತುಂಬುವುದಂತೂ ವ್ಯರ್ಥ.

ಸ್ಥಳನಾಮ ಮತ್ತು ಸಂಸ್ಥೆಗಳ ವಿಚಾರದಲ್ಲಿ ಈ ಭಾಗದ ಸಂಶೋಧಕರಿಗೆ ಹೆಚ್ಚಿನ ಎಚ್ಚರ ಬೇಕು. ದಢೇಸುಗೂರು, ಧಡೇಸೂಗೂರು, ದಡೇಸುಗೂರು ಎಂಬ ರೂಪಗಳು ಯಂತ್ರಕ್ಕೆ ಮೂರು ಊರುಗಳು. ಅಲ್ಲಿನ ಕೃಷಿ ಸಂಶೋಧನ ಕೇಂದ್ರ ಹಿಂದೆ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದ ಅಡಿಯಲ್ಲಿದ್ದು, 2008ರಲ್ಲಿ ರಾಯಚೂರಿನ ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಅದರ ವ್ಯಾಪ್ತಿಗೆ ಬಂದಿತು. ಒಂದೇ ಕೇಂದ್ರದ ವರದಿಗಳು ಎರಡು ಸಂಸ್ಥೆಗಳ ಹೆಸರಿನಲ್ಲಿ ಚದುರಿವೆ. ಲಿಂಗಸುಗೂರು 1905ರವರೆಗೆ ನಿಜಾಮರ ಆಡಳಿತದ ಒಂದು ಜಿಲ್ಲೆ. ಆ ಕಾಲದ ದಾಖಲೆಗಳು ‘ರಾಯಚೂರು’ ಎಂಬ ಟ್ಯಾಗಿಗೆ ಸಿಗುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನೊಡನೆ ಬಂದ ತೆಲುಗರ ಕ್ಯಾಂಪುಗಳ ಮೇಲೆ, ಸಿಂಧನೂರಿನ ಬಂಗಾಲಿ ನಿರಾಶ್ರಿತರ ಕ್ಯಾಂಪುಗಳ ಮೇಲೆ ಭಾಷಾಸಂಪರ್ಕದ ದೃಷ್ಟಿಯಿಂದ ಅಧ್ಯಯನ ಮಾಡುವ ಕನ್ನಡ ವಿದ್ಯಾರ್ಥಿಗೆ ಕೃಷಿ, ನೀರಾವರಿ, ಪುನರ್ವಸತಿಯ ವರದಿಗಳೂ ಆಕರಗಳೇ. ಅವುಗಳಿಗೆ ‘ಇತರೆ’ ಎಂಬ ತಲೆಬರೆಹ ಕೊಟ್ಟುಬಿಡುವುದು ಅವನ್ನು ಕಳೆದುಹಾಕುವ ಸುಲಭ ವಿಧಾನ.

ಆದ್ದರಿಂದ ಪ್ರತಿ ಕನ್ನಡ ವಿಭಾಗವೂ ವಿಷಯ ಶೀರ್ಷಿಕೆಗಳ, ಸ್ಥಳನಾಮಗಳ ಸ್ವೀಕೃತ ರೂಪಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಿ, ನೋಂದಣಿಯ ದಿನವೇ ಸಂಶೋಧಕರ ಕೈಗೆ ಕೊಡಬೇಕು. ಮೊದಲ ಆವೃತ್ತಿಗೆ ಇನ್ನೂರು ಪದಗಳಿದ್ದರೂ ಸಾಕು. ‘ಶಾಸನ’ವೋ ‘ಶಾಸನಶಾಸ್ತ್ರ’ವೋ ಎಂಬ ಚರ್ಚೆ ಅಲ್ಲಿಯೇ ನಡೆಯಲಿ, ಮಾರ್ಗದರ್ಶಕರೊಡನೆ ಗ್ರಂಥಪಾಲಕರನ್ನೂ ಆ ಸಭೆಗೆ ಕರೆಯಬೇಕು.