ಹುಲಿ-ಕುರಿ ಆಟದಲ್ಲೂ ಇದೆ ಕೋಡಿಂಗ್ ಪಾಠ

2024ರ ಜುಲೈ 19ರಂದು ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಸಿಬ್ಬಂದಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲೇ ಬರೆದುಕೊಟ್ಟರು. ಬೆಂಗಳೂರಿನಲ್ಲೂ ಪ್ರಯಾಣಿಕರು ಪರದಾಡಿದರು. ಕಾರಣ, ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿಯ ಒಂದು ಅಪ್‌ಡೇಟ್. ಮೈಕ್ರೋಸಾಫ್ಟ್ ಅಂದಾಜಿನಂತೆ ಜಗತ್ತಿನ 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ತೊಂದರೆಗೆ ಸಿಲುಕಿದವು. ತಪ್ಪು ಮಾತ್ರ ಚಿಕ್ಕದು. 21 ಮೌಲ್ಯಗಳು ಬೇಕಿದ್ದ ಕಡೆ ಸಿಕ್ಕಿದ್ದು 20. ಇಲ್ಲದ 21ನೆಯದನ್ನು ಓದಲು ಹೋಗಿ ಪ್ರೋಗ್ರಾಂ ಕುಸಿಯಿತು.

ಇಂಥ ತಪ್ಪು ಹಿಡಿಯುವ ಸಾಧನಗಳು ಹೊಸತೇನಲ್ಲ. ಸಿ ಭಾಷೆಗಾಗಿ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ 1978ರಲ್ಲೇ 'ಲಿಂಟ್' ರೂಪಿಸಿದ್ದರು. ಇಂದು ಪೈಥಾನ್‌ಗೆ ಪೈಲಿಂಟ್, ಜಾವಾಸ್ಕ್ರಿಪ್ಟ್‌ಗೆ ಇಎಸ್‌ಲಿಂಟ್ ಉಚಿತವಾಗಿಯೇ ಸಿಗುತ್ತವೆ. ಪ್ರೋಗ್ರಾಂ ಓಡಿಸದೆಯೇ ಅವು ಅನುಮಾನದ ಸಾಲುಗಳನ್ನು ತೋರಿಸುತ್ತವೆ. 2014ರಲ್ಲಿ ಆ್ಯಪಲ್‌ನ ಕೋಡ್‌ನಲ್ಲಿ 'ಗೋಟು ಫೇಲ್' ಎಂಬ ಒಂದೇ ಸಾಲು ಎರಡು ಸಲ ಬಂದು, ಸುರಕ್ಷತಾ ತಪಾಸಣೆಯ ಮುಖ್ಯ ಹಂತವೇ ತಪ್ಪಿಹೋಗಿತ್ತು. 'ಈ ಸಾಲುಗಳನ್ನು ಪ್ರೋಗ್ರಾಂ ತಲುಪುವುದೇ ಇಲ್ಲ' ಎಂದು ಎಚ್ಚರಿಸುವ ಸಾಧನ ಬಳಸಿದ್ದರೆ ಅದು ಸಿಕ್ಕಿಬೀಳುತ್ತಿತ್ತು. ನಾವೋ, ಲ್ಯಾಬ್‌ನಲ್ಲಿ ಔಟ್‌ಪುಟ್ ಬಂದರೆ ಸಾಕು, ವಾರ್ನಿಂಗ್‌ಗಳತ್ತ ಕಣ್ಣೂ ಹಾಯಿಸುವುದಿಲ್ಲ.

ಹಾಗೆಂದು ಸಾಧನವನ್ನೇ ನಂಬಿ ಕೂರುವಂತೆಯೂ ಇಲ್ಲ. ಕ್ರೌಡ್‌ಸ್ಟ್ರೈಕ್‌ನ ಆ ಅಪ್‌ಡೇಟ್ ಕಂಪನಿಯದೇ ಪರೀಕ್ಷಾ ಸಾಧನವನ್ನು ದಾಟಿ ಬಂದಿತ್ತು. ಆ ಸಾಧನದಲ್ಲೇ ದೋಷವಿತ್ತು. 'ಒಂದು ವೇಳೆ ಇದು ಕೈಕೊಟ್ಟರೆ?' ಎಂದು ಯೋಚಿಸಿ ಮೊದಲು ಕೆಲವೇ ಕಂಪ್ಯೂಟರ್‌ಗಳಿಗೆ ಕಳುಹಿಸಿದ್ದರೆ ಹಾನಿ ಅಷ್ಟಕ್ಕೇ ನಿಲ್ಲುತ್ತಿತ್ತು. ಹಂತ ಹಂತವಾಗಿ ಕಳುಹಿಸುವ ಕ್ರಮವನ್ನು ಕಂಪನಿ ಘೋಷಿಸಿದ್ದು ಅನಾಹುತದ ನಂತರ.

ಈ 'ಒಂದು ವೇಳೆ'ಯನ್ನು ಕಲಿಸುವುದು ತಂತ್ರದ ಆಟಗಳು. ನಮ್ಮ ಹುಲಿ-ಕುರಿ ಆಟವನ್ನೇ ನೋಡಿ. ಮೂರು ಹುಲಿ, ಹದಿನೈದು ಕುರಿ. ಕುರಿ ನಡೆಸುವವರು ಹುಲಿಯ ಕಣ್ಣಿನಿಂದಲೂ ಮನೆ ನೋಡಬೇಕು. ಕುರಿಯ ಹಿಂದೆ ಒಂದು ಮನೆ ಖಾಲಿ ಬಿಟ್ಟರೂ ಹುಲಿ ಹಾರಿ ಬಂದು ಕುರಿಯನ್ನು ಕೊಲ್ಲುತ್ತದೆ. ಕುರಿಯನ್ನು ಅಲ್ಲಿಟ್ಟದ್ದು ನಿಯಮದ ಪ್ರಕಾರ ಸರಿಯೇ, ಆದರೆ ನಡೆ ತಪ್ಪು. ಲಿಂಟ್ ಹೆಚ್ಚಾಗಿ ನಿಯಮ ನೋಡುತ್ತದೆ. ನಡೆಯ ಫಲವನ್ನು ನಾವೇ ನೋಡಬೇಕು.

ಚೆಸ್ ಆಡಿದವರೆಲ್ಲ ಒಳ್ಳೆಯ ಡೆವಲಪರ್ ಆಗುತ್ತಾರೆಂದು ನಾನು ಹೇಳುತ್ತಿಲ್ಲ. ಆಟ ಕೋಡಿಂಗ್ ಅಭ್ಯಾಸಕ್ಕೆ ಬದಲಿಯೂ ಅಲ್ಲ. ಆದರೆ ಸೋತ ಮೇಲೆ ಯಾವ ನಡೆಯಲ್ಲಿ ಎಡವಿದೆ ಎಂದು ಹಿಂದಿರುಗಿ ನೋಡುವ ಅಭ್ಯಾಸವೇ ಡೀಬಗ್ಗಿಂಗ್‌ಗೂ ಬೇಕು.

ಈಗ ಎಐ ಕ್ಷಣದಲ್ಲಿ ಕೋಡ್ ಬರೆದುಕೊಡುತ್ತದೆ. ಹಾಗಾದರೆ ಕಂಪನಿಗೆ ನಾವೇಕೆ ಬೇಕು? ಆ ಕೋಡ್ ಎಲ್ಲಿ ಮುರಿಯಬಹುದು ಎಂದು ಮೊದಲೇ ಹೇಳಬಲ್ಲವರಾದರೆ ಬೇಕು. ಮುಂದಿನ ಅಸೈನ್‌ಮೆಂಟ್ ಸಲ್ಲಿಸುವ ಮುನ್ನ ಒಮ್ಮೆ ಲಿಂಟ್ ಓಡಿಸೋಣ. ಬಂದ ಪ್ರತಿ ಎಚ್ಚರಿಕೆಗೂ 'ಏಕೆ?' ಎಂದು ಕೇಳೋಣ. ಸಂದರ್ಶನದಲ್ಲಿ ನಮ್ಮ ಕೈ ಹಿಡಿಯುವುದು ಈ ಪ್ರಶ್ನೆಯೇ.