ಹಳೆಯ ಆಟಕ್ಕೆ ಹೊಸ ಗಣಕ: ಯಾವ ದಾರಿ ಸೂಕ್ತ?

ಮೈಸೂರಿನ ಶ್ರೀರಾಂಪುರದಂತಹ ಬಡಾವಣೆಗಳ ಮನೆಗಳಲ್ಲಿ 1990ರ ದಶಕದ ಆಟಗಳ ಫ್ಲಾಪಿಗಳು ಉಳಿದಿದ್ದರೆ, ಅವುಗಳ ಬಗ್ಗೆ ತೀರ್ಮಾನಿಸುವ ಕಾಲ ಬಂದಿದೆ. ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಡಾಸ್ ತಂತ್ರಾಂಶಗಳಿಗೆ ನೆಲೆಯಾಗಿದ್ದ 32 ಬಿಟ್ ಆವೃತ್ತಿಯುಳ್ಳ ಕೊನೆಯ ವಿಂಡೋಸ್ ಅದು. 64 ಬಿಟ್‌ನ ವಿಂಡೋಸ್ 11ರಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ’ದ ಹಳೆಯ ಡಾಸ್ ಪ್ರತಿ ನೇರವಾಗಿ ತೆರೆದುಕೊಳ್ಳುವುದಿಲ್ಲ.

ಈ ಹಿನ್ನೆಲೆಯಲ್ಲಿ ಮೂರು ದಾರಿಗಳಿವೆ. 2002ರಲ್ಲಿ ಬಂದ ಡಾಸ್‌ಬಾಕ್ಸ್, ಡಾಸ್ ಪರಿಸರವನ್ನೂ ಅಂದಿನ ಧ್ವನಿ ಕಾರ್ಡುಗಳನ್ನೂ ಅನುಕರಿಸುತ್ತದೆ, ವೇಗವನ್ನು ತಗ್ಗಿಸಲೂಬಹುದು. ಬಹುಪಾಲು ಆಟಗಾರರಿಗೆ ಇಷ್ಟು ಸಾಕು. 86ಬಾಕ್ಸ್ ಮದರ್‌ಬೋರ್ಡ್ ಸಮೇತ ಇಡೀ ಯಂತ್ರವನ್ನೇ ಅನುಕರಿಸುತ್ತದೆ. ಮೂಲಕ್ಕೆ ಹೆಚ್ಚು ನಿಷ್ಠವಾದರೂ ಇದಕ್ಕೆ ಬಲಿಷ್ಠ ಗಣಕ ಬೇಕು. 2001ರ ಸ್ಕಮ್‌ವಿಎಂ ಯಂತ್ರವನ್ನು ಅನುಕರಿಸದೆ, ಆಟವನ್ನು ನಡೆಸುವ ಎಂಜಿನ್ನನ್ನೇ ಹೊಸದಾಗಿ ಬರೆದುಕೊಂಡಿದೆ. ಮೊಬೈಲಿನಲ್ಲೂ ಹಗುರವಾಗಿ ಓಡುವ ಇದು ಆಯ್ದ ಆಟಗಳಿಗೆ ಮಾತ್ರ ಸೀಮಿತ. ಮೂಲ ಕಡತಗಳೂ ಬೇಕು.

ಆದರೆ ಆಯ್ಕೆಗಿಂತ ತುರ್ತಿನದು ಪ್ರತಿ ತೆಗೆಯುವ ಕೆಲಸ. ಫ್ಲಾಪಿಯ ಕಾಂತೀಯ ಪದರ ಕಾಲಕ್ರಮೇಣ ಶಿಥಿಲವಾಗುತ್ತದೆ, ಅದನ್ನು ಓದುವ ಡ್ರೈವ್‌ಗಳೂ ವಿರಳವಾಗುತ್ತಿವೆ. ಕಾನೂನುಬದ್ಧವಾಗಿ ಪಡೆದ ತಂತ್ರಾಂಶ ನಷ್ಟವಾಗದಂತೆ ತಾತ್ಕಾಲಿಕ ರಕ್ಷಣೆಗೆ ಬ್ಯಾಕಪ್ ಪ್ರತಿ ಮಾಡಿಕೊಳ್ಳಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ನೀಡಿದೆ; ಅನ್ಯರಿಗೆ ಹಂಚುವುದಕ್ಕಲ್ಲ. ಅನುಕರಣೆಯ ತಂತ್ರಾಂಶ ಒಗ್ಗದಿದ್ದರೆ ನಾಳೆ ಬದಲಿಸಬಹುದು. ಅಳಿಸಿಹೋದ ಕಡತಕ್ಕೆ ಯಾವ ದಾರಿಯೂ ಉಳಿಯುವುದಿಲ್ಲ.