ಲಾಕ್‌ಡೌನ್‌ನಲ್ಲಿ ಕರೆಂಟ್ ಬಳಕೆ ಕುಸಿದಾಗ ಮೊದಲು ತಣ್ಣಗಾಗಿದ್ದು ಯಾವ ಸ್ಥಾವರ?

"ಎಲ್ಲರೂ ಒಟ್ಟಿಗೆ ಲೈಟ್ ಆರಿಸಿದರೆ ದೇಶದ ಗ್ರಿಡ್ಡೇ ಕುಸಿಯುತ್ತದೆ!" 2020ರ ಏಪ್ರಿಲ್ 5ರ ಮುನ್ನ ಇಂಥ ಸಂದೇಶ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಅಂದು ರಾತ್ರಿ 9ಕ್ಕೆ 9 ನಿಮಿಷ ಮನೆಯ ದೀಪ ಆರಿಸುವಂತೆ ಪ್ರಧಾನಿ ಕರೆ ನೀಡಿದ್ದರು. ಗ್ರಿಡ್ ಕುಸಿಯಲಿಲ್ಲ. ಹಾಗಂತ ಆ ಭಯ ಪೂರ್ತಿ ಸುಳ್ಳೂ ಆಗಿರಲಿಲ್ಲ.

ಭಯ ಏಕೆ?

ಕರೆಂಟನ್ನು ದೊಡ್ಡ ಪ್ರಮಾಣದಲ್ಲಿ ಕೂಡಿಡುವುದು ಕಷ್ಟ. ನಾವು ಬಳಸುವಷ್ಟನ್ನು ಆ ಕ್ಷಣದಲ್ಲೇ ಉತ್ಪಾದಿಸಬೇಕು. ಬಳಕೆ ದಿಢೀರನೆ ಇಳಿದರೆ ಗ್ರಿಡ್‌ನ ಫ್ರೀಕ್ವೆನ್ಸಿ 50 ಹರ್ಟ್ಸ್ ದಾಟಿ ಏರುತ್ತದೆ. ಮಿತಿ ಮೀರಿದರೆ ಸ್ಥಾವರಗಳು ಟ್ರಿಪ್ ಆಗಿ, ಕೋವಿಡ್ ರೋಗಿಗಳಿದ್ದ ಆಸ್ಪತ್ರೆಗಳಿಗೂ ಕರೆಂಟ್ ಹೋಗಬಹುದಿತ್ತು.

ಅಂದು ಆಗಿದ್ದೇನು?

12ರಿಂದ 14 ಸಾವಿರ ಮೆಗಾವಾಟ್ ಬಳಕೆ ಇಳಿಯಬಹುದೆಂದು ಅಧಿಕಾರಿಗಳು ಅಂದಾಜಿಸಿದ್ದರು. ಇಳಿದದ್ದು ಸುಮಾರು 31 ಸಾವಿರ! ಕೈಹಿಡಿದದ್ದು ಜಲವಿದ್ಯುತ್. ಕಲ್ಲಿದ್ದಲಿನ ಬಾಯ್ಲರ್ ತಣಿಯಲು, ಮತ್ತೆ ಕಾಯಲು ಗಂಟೆಗಳೇ ಬೇಕು. ಟರ್ಬೈನ್‌ಗೆ ಹೋಗುವ ನೀರನ್ನು ನಿಮಿಷಗಳಲ್ಲಿ ತಗ್ಗಿಸಬಹುದು, ಹೆಚ್ಚಿಸಬಹುದು. ಅಂದು ಸುಮಾರು 17,500 ಮೆಗಾವಾಟ್ ಜಲವಿದ್ಯುತ್ ಇಳಿಸಿ, ದೀಪಗಳು ಹೊತ್ತಿದಂತೆ ಮತ್ತೆ ಏರಿಸಿದರು. ಫ್ಯಾನ್, ಫ್ರಿಜ್ ಆರಿಸಬೇಡಿ, ಬೀದಿದೀಪ ಉರಿಯಲಿ ಎಂದು ಸರ್ಕಾರ ಮೊದಲೇ ಹೇಳಿದ್ದೂ ನೆರವಾಯಿತು.

ಲಾಕ್‌ಡೌನ್ ಪೂರ್ತಿ ನಡೆದದ್ದೇನು?

ಮನೆಗಳಲ್ಲಿ ಬಳಕೆ ಹೆಚ್ಚಿದರೂ ಕಾರ್ಖಾನೆ, ಕಚೇರಿ, ರೈಲು ನಿಂತಿದ್ದವು. 2020ರ ಏಪ್ರಿಲ್‌ನಲ್ಲಿ ದೇಶದ ವಿದ್ಯುತ್ ಬಳಕೆ ಹಿಂದಿನ ಏಪ್ರಿಲ್‌ಗಿಂತ ಸುಮಾರು ಶೇ. 23ರಷ್ಟು ಕುಸಿಯಿತು. ಹೆಚ್ಚು ಪೆಟ್ಟು ಬಿದ್ದದ್ದು ಕಲ್ಲಿದ್ದಲಿಗೆ. ಕಾರಣ ಸರಳ: ಬಿಸಿಲು, ಗಾಳಿಗೆ ಇಂಧನದ ಖರ್ಚಿಲ್ಲ. ಸಿಕ್ಕಷ್ಟನ್ನೂ ಮೊದಲು ಬಳಸಬೇಕೆಂಬ ನಿಯಮವೂ ಇದೆ. ಹಾಗಾಗಿ ಬೇಡಿಕೆ ಇಳಿದಾಗ ಕಲ್ಲಿದ್ದಲು ಘಟಕಗಳನ್ನೇ ಮೊದಲು ತಗ್ಗಿಸುತ್ತಾರೆ.

ಹಾಗಾದರೆ ಕಲ್ಲಿದ್ದಲಿನ ಕಾಲ ಮುಗಿಯಿತೇ?

ಇಲ್ಲ. 2020ರ ಸೆಪ್ಟೆಂಬರ್ ಹೊತ್ತಿಗೆ ಬೇಡಿಕೆ ಹಿಂದಿನ ವರ್ಷದ ಮಟ್ಟವನ್ನೂ ದಾಟಿತು. 2021ರ ಅಕ್ಟೋಬರ್‌ನಲ್ಲಿ ಹಲವು ಸ್ಥಾವರಗಳಲ್ಲಿ ಕೆಲವೇ ದಿನಗಳ ಕಲ್ಲಿದ್ದಲು ಉಳಿದಿತ್ತು. ಲಾಕ್‌ಡೌನ್ ಕರೆಂಟಿನ ಮೂಲವನ್ನು ಬದಲಿಸಲಿಲ್ಲ, ಬಳಕೆಯನ್ನು ಕೆಲಕಾಲ ತಗ್ಗಿಸಿತು ಅಷ್ಟೇ.

"ಕೋವಿಡ್‌ನಿಂದ ಕಲ್ಲಿದ್ದಲು ಮಾಯ" ಎಂಬ ಫಾರ್ವರ್ಡ್ ಬಂದರೆ ಒಂದೇ ಪ್ರಶ್ನೆ ಕೇಳಿ: ಕಾರ್ಖಾನೆ ಮತ್ತೆ ತೆರೆದ ಮೇಲೆ ಏನಾಯಿತು?